ಮುಂಬಯಿಯ ಚೋರ್ ಬಜಾರ್: ಮಾಲಿಗೆ ಮೊದಲು ಮಾರುವವನನ್ನು ನೋಡಿ

ಚೋರ್ ಬಜಾರಿನ ಮುಖ್ಯ ಬೀದಿಯಾದ ಮಟನ್ ಸ್ಟ್ರೀಟಿಗೆ ಹೊಸದಾಗಿ ಹೊರಟವರು ಕೇಳುವ ಮೊದಲ ಪ್ರಶ್ನೆ, ‘ಅಲ್ಲಿರೋದೆಲ್ಲ ಕದ್ದ ಮಾಲೇನ್ರಿ?’ ಅಂತ. ಅಲ್ಲ. ಮಳಿಗೆಗಳಲ್ಲಿ ಗಿರಾಕಿಯ ಜೇಬಿಗೆ ಕತ್ತರಿ ಬೀಳುವುದು ಕದ್ದ ಮಾಲಿನಿಂದ ಕಡಿಮೆ, ಮೊನ್ನೆ ಮಾಡಿಸಿ ನೂರು ವರ್ಷದ್ದು ಎಂದು ಕೈಗಿಡುವ ಮಾಲಿನಿಂದ ಹೆಚ್ಚು. ಕದ್ದದ್ದು ಸಿಗುವ ಜಾಗ ಬೇರೆ, ಹೊತ್ತು ಬೇರೆ, ಮಾರುವವನೂ ಬೇರೆ. ಹಾಗಾಗಿ ಇಡೀ ಬಜಾರಿಗೆ ಒಟ್ಟಾರೆ ಇಷ್ಟು ಸ್ಟಾರ್ ಎಂದು ಕೊಡುವುದರಲ್ಲಿ ಅರ್ಥವಿಲ್ಲ. ಐದಕ್ಕೆ ಐದು ಕೊಡಬಹುದಾದ ಹಳೇ ಹತ್ಯಾರದ, ಅಂದರೆ ಕೆಲಸದ ಉಪಕರಣಗಳ, ಅಂಗಡಿಯೂ ಸೊನ್ನೆಯೇ ಜಾಸ್ತಿಯಾಯಿತು ಎನ್ನಿಸುವ ಗ್ರಾಮೊಫೋನ್ ಅಂಗಡಿಯೂ ಇಲ್ಲಿ ಕೂಗಳತೆಯಲ್ಲಿವೆ. ಯಾರ ಮುಂದೆ ನಿಂತಿದ್ದೀರಿ ಎಂಬುದು ಗೊತ್ತಾದರೆ ಅರ್ಧ ವ್ಯಾಪಾರ ಮುಗಿದ ಹಾಗೆ.

ಮಟನ್ ಸ್ಟ್ರೀಟ್ ಇರುವುದು ಸರ್ದಾರ್ ವಲ್ಲಭಭಾಯಿ ಪಟೇಲ್ ರಸ್ತೆಗೂ ಮೌಲಾನಾ ಶೌಕತ್ ಅಲಿ ರಸ್ತೆಗೂ ನಡುವೆ. ಬೋರಿವಲಿ, ಮೀರಾ ರೋಡ್ ಕಡೆಯವರು ಗ್ರಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ನಡೆಯಬೇಕು. ಡೊಂಬಿವಲಿ, ಠಾಣೆಯವರಿಗೆ ಸ್ಯಾಂಡ್‌ಹರ್ಸ್ಟ್ ರೋಡ್ ಹತ್ತಿರ. ಆದರೆ ಫಾಸ್ಟ್ ಲೋಕಲ್ ಅಲ್ಲಿ ನಿಲ್ಲದು, ಬೈಕಲಾದಲ್ಲಿ ಸ್ಲೋ ಹಿಡಿಯಬೇಕು. ಟ್ಯಾಕ್ಸಿಯವನಿಗೆ ‘ದೋ ಟಾಕಿ’ ಎಂದರೆ ಸಾಕು. ಸ್ವಂತ ಕಾರು ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಪಕ್ಕದ ಭೇಂಡಿ ಬಜಾರಿನಲ್ಲಿ 16.5 ಎಕರೆಯ ಪುನರಾಭಿವೃದ್ಧಿ ನಡೆಯುತ್ತಿರುವುದರಿಂದ ಸುತ್ತಲಿನ ಗಲ್ಲಿಗಳ ಚಹರೆ ಬದಲಾಗುತ್ತಲೇ ಇದೆ. ಯಾರೋ ಹಿಂದೆ ಕೊಟ್ಟ ಅಂಗಡಿಯ ಗುರುತು ನಂಬಿಕೊಂಡು ಹೋದರೆ ಬೇಲಿ ಮಾತ್ರ ಸಿಗಬಹುದು. ಮಳಿಗೆಗಳು ಬೆಳಿಗ್ಗೆ 11ರ ಸುಮಾರಿಗೆ ತೆರೆದು ಸಂಜೆ 7ರ ಆಸುಪಾಸಿಗೆ ಮುಚ್ಚುತ್ತವೆ. ಶುಕ್ರವಾರ ಮಳಿಗೆಗಳಿಗೆ ರಜೆ. ಆ ದಿನ ರಸ್ತೆಯಲ್ಲಿ ಪಥಾರಿವಾಲಾಗಳ ರಾಜ್ಯ, ಅಂದರೆ ನೆಲದ ಮೇಲೆ ತಾಡಪತ್ರಿ ಹಾಸಿ ಮಾಲು ಹರಡುವವರು. ಬೆಳಕು ಹರಿಯುವ ಮೊದಲೇ ವ್ಯಾಪಾರ ಶುರು. ಕಾಮಾಠಿಪುರ ಕಡೆಯ ಡೇಢ್ ಗಲ್ಲಿಯಲ್ಲಿ ಅದೇ ನಸುಕಿನಲ್ಲಿ ಬೂಟು, ಬಟ್ಟೆಗಳ ಸಂತೆ ಸೇರುತ್ತದೆ.

ಈ ಮಾಲೆಲ್ಲ ಬರುವುದೆಲ್ಲಿಂದ ಎಂದು ನೋಡಿದರೆ ಮಾರುವವರ ಸಾಲು ತಾನೇ ಬಿಚ್ಚಿಕೊಳ್ಳುತ್ತದೆ. ಮೊದಲ ಮೆಟ್ಟಿಲಲ್ಲಿ ಇರುವವರು ನಮ್ಮ ಬಿಲ್ಡಿಂಗಿನ ಬಾಗಿಲಿಗೇ ಬರುವವರು: ಪೇಪರ್ ಒಯ್ಯುವ ರದ್ದಿವಾಲಾ, ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಬೋಹಾರೀಣ್, ಕಬ್ಬಿಣ-ಹಿತ್ತಾಳೆ ತೂಗಿ ಒಯ್ಯುವ ಭಂಗಾರ್‌ವಾಲಾ. ಇವರ ಲೆಕ್ಕವೆಲ್ಲ ಕಿಲೋದಲ್ಲಿ. ಅವರಿಂದ ಮಾಲು ಗೋದಾಮಿಗೆ ಹೋಗಿ ಅಲ್ಲಿ ಬೇರೆಬೇರೆಯಾಗುತ್ತದೆ. ಕರಗಿಸುವುದು ಒಂದು ಕಡೆ, ‘ಪೀಸ್’ ಎನ್ನಿಸಿಕೊಂಡದ್ದು ಮಟನ್ ಸ್ಟ್ರೀಟ್ ಕಡೆ. ತೂಕದ ಮಾಲು ಪೀಸ್ ಮಾಲಾಗುವ ಈ ತಿರುವಿನಲ್ಲೇ ಲಾಭ ಹುಟ್ಟುವುದು. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಹಿತ್ತಾಳೆ, ತಾಮ್ರದ ಆ ದಿನದ ಭಂಗಾರ್ (ಗುಜರಿ) ಭಾವ ಕೇಳಿಟ್ಟುಕೊಳ್ಳಿ. ಚೌಕಾಸಿಯ ಅಡಿಪಾಯ ಅದು.

ಇನ್ನೊಂದು ಮೂಲ ಲಿಲಾವ್, ಅಂದರೆ ಹರಾಜು. ಮುಚ್ಚಿದ ಆಫೀಸು, ಕೆಡವುವ ಬಂಗಲೆ, ಊರು ಬಿಟ್ಟು ಹೋಗುವ ಕುಟುಂಬದ ಮನೆ, ಇವನ್ನೆಲ್ಲ ಗುತ್ತಿಗೆಗೆ ಇಡಿಯಾಗಿ ಕೊಳ್ಳುವವರಿದ್ದಾರೆ. ಹಡಗು ಒಡೆಯುವ ದಾರುಖಾನಾದಿಂದ, ಗುಜರಾತಿನ ಅಲಂಗ್‌ನಿಂದ ಹಡಗಿನ ದೀಪ, ದುಂಡು ಕಿಟಕಿ, ಪಿಂಗಾಣಿ ಬರುತ್ತವೆ. ಲಿಲಾವ್ ಮಾಲು ಹಿಡಿದವನ ಹತ್ತಿರ ಕಾಗದ ಇರುತ್ತದೆ, ಕೇಳಿದರೆ ತೋರಿಸುತ್ತಾನೆ. ‘ಕಸ್ಟಮ್ಸ್ ಕಾ ಮಾಲ್ ಹೈ’ ಎಂಬ ಮಾತು ಮಾತ್ರ ಹಳೇ ರಾಗ. ಗಡಿಯಾರ, ಟೇಪ್ ರೆಕಾರ್ಡರ್ ಎಲ್ಲ ಕಳ್ಳಸಾಗಣೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಅದಕ್ಕೊಂದು ತೂಕವಿತ್ತು. ಈಗ ಕಸ್ಟಮ್ಸ್ ಇಲಾಖೆ ಜಪ್ತಿ ಮಾಲನ್ನು ಇ-ಹರಾಜಿನಲ್ಲಿ ಮಾರುತ್ತದೆ, ಕೊಂಡವನಿಗೆ ಡೆಲಿವರಿ ಆರ್ಡರ್ ಸಿಗುತ್ತದೆ. ಅದರ ನಕಲು ತೋರಿಸದೆ ಆ ಮಾತು ಆಡುವವನು ಒಂದೋ ಸುಳ್ಳುಗಾರ, ಇಲ್ಲವೋ ಸುಂಕ ತಪ್ಪಿಸಿ ತಂದವನು. ಎರಡರಲ್ಲೂ ನಿಮಗೆ ಲಾಭವಿಲ್ಲ.

ಮೂರನೆಯ ಮೂಲದ ಬಗ್ಗೆ ಅಂಗಡಿಯವರು ತಾವಾಗಿ ಬಾಯಿಬಿಡುವುದಿಲ್ಲ: ಮುರಾದಾಬಾದಿನ ಹಿತ್ತಾಳೆ, ರೂರ್ಕಿಯ ಉಪಕರಣ, ಜೋಧಪುರದ ಮರ. ಮೂರೂ ಒಳ್ಳೆಯ ಕೈಕೆಲಸವೇ. ಶೋಕೇಸಿನ ಅಲಂಕಾರಕ್ಕೆಂದು, ಹೊಸದರ ಬೆಲೆಗೆ ಕೊಂಡರೆ ಯಾರಿಗೂ ನಷ್ಟವಿಲ್ಲ. ಅದೇ ಮಾಲಿಗೆ 1885 ಎಂದು ಕೆತ್ತಿಸಿ, ಹುಳಿ ಹಚ್ಚಿ ಹಸಿರು ಬರಿಸಿ ಕೊಟ್ಟರೆ ಅದು ಟೋಪಿ. ‘ಸ್ಟ್ಯಾನ್ಲಿ ಲಂಡನ್’ ಎಂದು ಬರೆದ ಜೇಬಿನ ದಿಕ್ಸೂಚಿ, ಹಡಗಿನವರು ಸೂರ್ಯ-ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟಂಟ್‌ಗಳ ಸಾಲು ಕಂಡರೆ ಮುಂದೆ ನಡೆಯಿರಿ. ಹಡಗಿನಲ್ಲಿ ದುಡಿದ ಸೆಕ್ಸ್‌ಟಂಟಿನ ಕಮಾನಿನ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಗೆರೆಗಳು ಸಮ ಅಂತರದಲ್ಲಿರುತ್ತವೆ, ತೋಳನ್ನು ಸೊನ್ನೆಗೆ ತಂದರೆ ಎರಡು ಕನ್ನಡಿಯಲ್ಲಿ ಕಾಣುವ ದೂರದ ಗೆರೆ ಒಂದಾಗುತ್ತದೆ. ಅಲಂಕಾರದ ಮಾಲಿನಲ್ಲಿ ಕನ್ನಡಿಗಳು ಒಂದಕ್ಕೊಂದು ಮುಖ ಕೊಡುವುದೇ ಇಲ್ಲ.

ಇವರೆಲ್ಲರ ನಡುವೆ ಓಡಾಡುವವನು ದಲ್ಲಾಳಿ. ‘ಏನು ಬೇಕು ಸಾಬ್, ತೋರಿಸ್ತೇನೆ’ ಎಂದು ಗಲ್ಲಿಯ ಬಾಯಲ್ಲೇ ಜೊತೆಯಾಗುತ್ತಾನೆ, ಕಾಸು ಕೇಳುವುದಿಲ್ಲ. ಅವನ ಪಾಲು ನೀವು ಕೊಡುವ ಬೆಲೆಯೊಳಗೇ ಸೇರಿರುತ್ತದೆ. ಅವನೊಂದಿಗೆ ಒಳಗೆ ಕಾಲಿಟ್ಟ ಮೇಲೆ ಅಂಗಡಿಯವನು ಇಳಿಸಬೇಕೆಂದರೂ ಇಳಿಸಲಾರ. ಒಬ್ಬರೇ ಹೋಗಿ. ಇನ್ನು, ನಮ್ಮ ಕನ್ನಡದ ಮಾತು ಕೇಳಿ ಅಂಗಡಿಯವನು ‘ಅಣ್ಣಾ’ ಎಂದು ಕರೆದನೋ, ಹೋಟೆಲಿನವರು ಬಂದರು ಎಂದು ಬೆಲೆ ಒಂದು ಮೆಟ್ಟಿಲು ಹತ್ತಿತೆಂದೇ ತಿಳಿಯಿರಿ.

ಈಗ ಮಾಲಿಗೆ ಬರೋಣ. ಅತಿ ಹೆಚ್ಚು ಜನ ಬೇಸ್ತು ಬೀಳುವುದು ಗ್ರಾಮೊಫೋನಿಗೆ. ಹೂವಿನ ಆಕಾರದ ಥಳಥಳ ಹಿತ್ತಾಳೆ ಕಹಳೆ, ಎಂಟು ಮೂಲೆಯ ಮರದ ಪೆಟ್ಟಿಗೆ, ಮುಂದೆ ನಾಯಿಯ ಚಿತ್ರದ ಫಲಕ. ಈ ರೂಪದಲ್ಲಿ ಇಲ್ಲಿ ಕಾಣುವ ಹೆಚ್ಚುಕಡಿಮೆ ಎಲ್ಲವೂ ಹೊಸ ಜೋಡಣೆ. ಕಹಳೆ ಮುರಾದಾಬಾದಿನದು, ಪೆಟ್ಟಿಗೆ ಹಳೇ ಬಾಗಿಲ ಮರದ್ದು, ಒಳಗಿನ ಮೋಟರ್ ಯಾವುದೋ ಕೆಟ್ಟ ಸೂಟ್‌ಕೇಸ್ ಮಾದರಿಯ ಗ್ರಾಮೊಫೋನಿನಿಂದ ಕಿತ್ತದ್ದು. ಹಾಡುತ್ತದೆ, ಇಲ್ಲವೆಂದಲ್ಲ. ತೊಂದರೆ ಇರುವುದು ತೋಳಿನ ಅಳತೆಯಲ್ಲಿ. ತೋಳನ್ನು ತಟ್ಟೆಯ ನಡುವಿನ ಮೊಳೆಯ ತನಕ ತಿರುಗಿಸಿ ನೋಡಿ. ಸೂಜಿಯ ತುದಿ ಮೊಳೆಯ ಮೇಲೆ ಅಥವಾ ಅದಕ್ಕಿಂತ ತುಸು ಆಚೆ ಬರಬೇಕು. ಒಂದು ಇಂಚು ಈಚೆಯೇ ನಿಂತರೆ ಸೂಜಿ ಗೀರಿನೊಳಗೆ ಓರೆಯಾಗಿ ಕೂತು, ಪ್ರತಿ ಸಲ ಹಾಕಿದಾಗಲೂ ರೆಕಾರ್ಡನ್ನು ಕೆರೆಯುತ್ತದೆ. ನಕಲಿ ಮಾಡುವವರು ಚಂದಕ್ಕೆ ತಕ್ಕಂತೆ ತೋಳು ಬಾಗಿಸುತ್ತಾರೆ, ಅಳತೆಗೆ ತಕ್ಕಂತೆ ಅಲ್ಲ.

ಮೋಟರಿನ ಪರೀಕ್ಷೆ ಸುಲಭ. ಕೀಲಿ ಪೂರ್ತಿ ಕೊಟ್ಟು, ರೆಕಾರ್ಡಿನ ಅಂಚಿನಡಿ ಒಂದು ತುಂಡು ಕಾಗದ ಸಿಕ್ಕಿಸಿ, ಸೂಜಿ ಇಳಿಸಿ, ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಎಣಿಸಿ: 10 ಸೆಕೆಂಡಿಗೆ 13 ಸುತ್ತು ಬಂದರೆ ಅದು ನಿಮಿಷಕ್ಕೆ 78. ಹಾಡು ಮುಗಿಯುವ ಹೊತ್ತಿಗೆ ಮತ್ತೆ ಎಣಿಸಿ. 12ಕ್ಕಿಂತ ಕೆಳಗಿಳಿದಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಅದರ ಗ್ರೀಸ್ ಗಟ್ಟಿಯಾಗಿದೆ. ಸುತ್ತು ಹೋಗುವಾಗ ‘ಧಡ್’ ಎಂದು ಒದ್ದರೆ ಗ್ರೀಸಿನದೇ ಕಾಯಿಲೆ, ಅದು ಸರಿಯಾಗುತ್ತದೆ. ಕೀಲಿ ಕೊಡುವಾಗ ಹಿಡಿತವಿಲ್ಲದೆ ಜಾರಿದರೆ ಸ್ಪ್ರಿಂಗ್ ತುಂಡಾಗಿದೆ, ಬಿಟ್ಟುಬಿಡಿ. ದನಿಯಲ್ಲಿ ಗರಗರ ಬಂದರೆ ಹೆಚ್ಚಾಗಿ ಸೂಜಿ ಕೂರುವ ಸೌಂಡ್‌ಬಾಕ್ಸಿನ ಪದರದ ಸುತ್ತ ಇರುವ ರಬ್ಬರ್ ಕಲ್ಲಾಗಿರುತ್ತದೆ. ರಬ್ಬರ್ ಬದಲಿಸಿದರೆ ಸಾಕು. ಬೆಲೆ ಇಳಿಸಲು ಒಳ್ಳೆಯ ನೆಪ ಅದು. ಉಕ್ಕಿನ ಸೂಜಿ ಒಂದು ಮಗ್ಗುಲಿಗೆ ಒಂದು, ಅಷ್ಟೇ. ಅದೇ ಸೂಜಿಯಲ್ಲಿ ಹತ್ತು ಹಾಡು ಹಾಕಿ ತೋರಿಸುವ ಅಂಗಡಿಯಲ್ಲಿ ರೆಕಾರ್ಡನ್ನೂ ಕೊಳ್ಳಬೇಡಿ. ಎಲ್‌ಪಿಯನ್ನಂತೂ ಇದರ ಹತ್ತಿರ ಸುಳಿಯಗೊಡಬಾರದು, ಒಂದೇ ಸಲಕ್ಕೆ ಗೀರು ಹೋಗುತ್ತದೆ.

ಕೇಳುವುದಕ್ಕೆಂದು ಬೇಕಾದರೆ ಕಹಳೆ ಬಿಟ್ಟು ಎಚ್‌ಎಂವಿಯ ಸೂಟ್‌ಕೇಸ್ ಮಾದರಿ ಹುಡುಕಿ. 1930ರ ದಶಕದಿಂದ ಬಂದ 102 ಎಂಬ ಮಾದರಿ ಗಟ್ಟಿ. ಇದನ್ನು ನಕಲಿ ಮಾಡುವುದರಲ್ಲಿ ಲಾಭವಿಲ್ಲವಾದ್ದರಿಂದ ಸಿಗುವುದು ಹೆಚ್ಚಾಗಿ ಅಸಲಿಯೇ, ಕೆಟ್ಟಿರಬಹುದು, ಸುಳ್ಳಾಗಿರುವುದು ಕಡಿಮೆ. ನೋಡಲು ಚಂದವಿಲ್ಲ ಎಂದು ಅಲಂಕಾರಕ್ಕೆ ಕೊಳ್ಳುವವರು ಕೇಳುವುದೂ ಇಲ್ಲ, ಹಾಗಾಗಿ ಬೆಲೆ ಹದದಲ್ಲಿ ಇರುತ್ತದೆ. 78ರ ರೆಕಾರ್ಡುಗಳ ರಾಶಿಯಲ್ಲಿ ಕನ್ನಡ ನಾಟಕದ ಹಾಡು, ದೇವರನಾಮ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತವೆ. ಲೇಬಲಿನ ಕನ್ನಡ ಅಕ್ಷರ ಅಂಗಡಿಯವನಿಗೆ ಓದಲು ಬರುವುದಿಲ್ಲ, ‘ಮದ್ರಾಸಿ’ ಕಟ್ಟಿನಲ್ಲಿ ಸೇರಿಸಿಟ್ಟಿರುತ್ತಾನೆ. ರಾಶಿಯ ಬೆಲೆಗೇ ಕೇಳಿ, ಮುಖದಲ್ಲಿ ಏನೂ ತೋರಿಸಬೇಡಿ. ತಟ್ಟೆಯನ್ನು ನಡುವಿನ ತೂತಿನಲ್ಲಿ ಬೆರಳಿಗೆ ಸಿಕ್ಕಿಸಿ ಅಂಚನ್ನು ಉಗುರಿನಿಂದ ತಟ್ಟಿದರೆ ಟಣ್ಣೆನ್ನಬೇಕು. ಪಟಪಟ ಎಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ.

ಹಿತ್ತಾಳೆ-ತಾಮ್ರದ ವಿಷಯಕ್ಕೆ ನಮ್ಮವರೇ ದೊಡ್ಡ ಗಿರಾಕಿಗಳು. ಹೋಟೆಲಿಗೆ ‘ಊರಿನ ಲುಕ್’ ಬೇಕೆಂದು ಹಂಡೆ, ಕೊಪ್ಪರಿಗೆ, ತಕ್ಕಡಿ ಹುಡುಕಿಕೊಂಡು ಬರುತ್ತಾರೆ. ಅಯಸ್ಕಾಂತ ಒಂದು ಜೇಬಿನಲ್ಲಿರಲಿ; ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಅಂಟದಿದ್ದರೂ ತಳದ ಮೂಲೆಯಲ್ಲಿ ಕೀಲಿಕೈಯಿಂದ ಒಂದು ಗೀರು ಎಳೆದು ನೋಡಿ, ಬಿಳಿ ಕಂಡರೆ ಅಲ್ಯೂಮಿನಿಯಂ ಅಥವಾ ಸತು. ಹಳೇ ಹಂಡೆಯನ್ನು ಎರಡು ಮೂರು ತುಂಡು ತಗಡು ಬಡಿದು, ಅಂಚಿಗೆ ಹಲ್ಲು ಕತ್ತರಿಸಿ, ಒಂದರೊಳಗೊಂದು ಕೂಡಿಸಿ ಬೆಸೆಯುತ್ತಿದ್ದರು. ಹೊಟ್ಟೆಯ ಸುತ್ತ ಆ ಹಲ್ಲಿನ ಸಾಲು ಬೇರೆ ಬಣ್ಣದಲ್ಲಿ ಕಾಣುತ್ತದೆ. ಟಾರ್ಚ್ ಒಳಗೆ ಬಿಟ್ಟು ನೋಡಿದರೆ ಇನ್ನೂ ಸ್ಪಷ್ಟ. ಯಂತ್ರದಲ್ಲಿ ತಿರುಗಿಸಿ ಮಾಡಿದ್ದಕ್ಕೆ ಹಲ್ಲಿಲ್ಲ, ಒಳಗೆಲ್ಲ ಒಂದೇ ಕೇಂದ್ರದ ಸುತ್ತುಗೆರೆಗಳು. ಬಡಿದ ಹಂಡೆಯ ಸೋರಿಕೆಯೂ ಈ ಹಲ್ಲಿನ ಬಾಯಲ್ಲೇ ಶುರುವಾಗುವುದು. ನೀರು ತುಂಬಿಸಿ ಕಾಲು ಗಂಟೆ ಒಣ ಸಿಮೆಂಟಿನ ಮೇಲಿಟ್ಟು ನೋಡಲು ಕೇಳಿ. ಅಡುಗೆಗೆ ಬಳಸುವುದಾದರೆ ಒಳಗಿನ ಹಳೇ ಕಲಾಯಿಯನ್ನು ನಂಬಬೇಡಿ. ತವರ, ನವಸಾಗರ ಹಾಕಿ ಹೊಸದಾಗಿ ಕಲಾಯಿ ಮಾಡಿಸಿದ ಮೇಲೆಯೇ ಹುಳಿ ಪದಾರ್ಥ ಬೇಯಿಸುವುದು. ಬೆಲೆಗೆ ಮೊದಲು ತೂಕ ಹಾಕಿಸಿ. ಭಂಗಾರ್ ಭಾವದ ಲೆಕ್ಕ ನಿಮ್ಮ ಕೈಯಲ್ಲಿದೆ ಎಂದು ಗೊತ್ತಾದ ಕೂಡಲೇ ಅವನ ಮಾತಿನ ಧಾಟಿ ಬದಲಾಗುತ್ತದೆ. ಹಲ್ಲಿನ ಹಂಡೆಗೆ ಅದರ ಮೇಲೆ ಧಾರಾಳ ಕೊಡಬಹುದು, ಯಂತ್ರದ್ದಕ್ಕೆ ಬೇಡ.

ಒಂದು ವಸ್ತುವಿನ ಬಗ್ಗೆ ಖಡಾಖಂಡಿತ ಹೇಳಬೇಕು. ‘ಮ್ಯಾಂಗಲೋರ್ ಕಾ ಪುರಾನಾ ಮಾಸ್ಕ್’ ಎಂದು ಹಿತ್ತಾಳೆಯ ಅಥವಾ ಕಂಚಿನ ಮುಖಗಳನ್ನು ತೆಗೆದು ತೋರಿಸುತ್ತಾರೆ. ದೈವದ ಮೊಗ ಅದು. ಹೊಸ ಎರಕವಾದರೆ ಹಳೆಯದರ ಬೆಲೆ ಕೊಟ್ಟು ಮೋಸಹೋಗುತ್ತೀರಿ. ನಿಜಕ್ಕೂ ಹಳೆಯದಾದರೆ ಅದು ಯಾವುದೋ ದೈವಸ್ಥಾನದ ಭಂಡಾರದಿಂದ ಹೊರಬಿದ್ದಿರಬೇಕು, ನೇರ ದಾರಿಯಲ್ಲಿ ಅಲ್ಲ. ಎರಡು ಸಂದರ್ಭದಲ್ಲೂ ಕೈ ಹಾಕಬಾರದು. ಕಾನೂನೂ ಬಿಗಿಯಾಗಿದೆ. ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1972ರಲ್ಲಿ ಬಂತು, 1976ರ ಏಪ್ರಿಲಿನಲ್ಲಿ ಜಾರಿಯಾಯಿತು. ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕಲಾವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಅದರ ವ್ಯಾಪ್ತಿಯಲ್ಲಿ ಬರುತ್ತವೆ. ಅವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ತಮಾಷೆ ಏನೆಂದರೆ, ಗಿರಾಕಿಗೆ ‘ಇನ್ನೂರು ವರ್ಷದ್ದು’ ಎಂದವನೇ ಬಿಲ್ಲಿನಲ್ಲಿ ‘ಹ್ಯಾಂಡಿಕ್ರಾಫ್ಟ್’ ಎಂದು ಬರೆಯುತ್ತಾನೆ. ಬಿಲ್ಲಿನಲ್ಲಿರುವುದೇ ನಿಜ ಎಂದುಕೊಂಡು ಬೆಲೆ ಕಟ್ಟಿ. ಆನೆದಂತದ ಕೆತ್ತನೆ, ದಂತ ಕೂರಿಸಿದ ಪೆಟ್ಟಿಗೆ ‘ಅಜ್ಜನ ಕಾಲದ್ದು’ ಎಂದು ಬಂದರೂ ಅಷ್ಟೇ. ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರ ಪೂರ್ತಿ ನಿಷಿದ್ಧ, ಹಳೆಯದೆಂಬ ರಿಯಾಯಿತಿ ಇಲ್ಲ.

ನಾಣ್ಯ ಕೊಳ್ಳುವವರಿಗೆ 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕೇ ಬೇಕು. ವಿಕ್ಟೋರಿಯಾ, ಐದನೇ ಜಾರ್ಜ್ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿಯಂಶ ಶೇ 91.7. ಸವೆದಿದ್ದರೆ ತುಸು ಕಡಿಮೆ ಬರಬಹುದು, ಹೆಚ್ಚು ಬರಬಾರದು. 1940ರಿಂದ ಬಂದ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ. ಬೆಳ್ಳಿ ಭಾವದ ಲೆಕ್ಕ ಹಾಕುವಾಗ ಇಸವಿ ನೋಡದಿದ್ದರೆ ನಾಮ. ಬೆಳ್ಳಿ ಅಯಸ್ಕಾಂತಕ್ಕೆ ಅಂಟದು. ಆದರೆ ಹುಲಿಯ ಚಿತ್ರದ 1947ರ ರೂಪಾಯಿ ನಿಕ್ಕಲಿನದು, ಅದು ಅಂಟಲೇಬೇಕು, ಅಂಟಲಿಲ್ಲವೆಂದರೆ ನಕಲಿ. 1818ರ ಈಸ್ಟ್ ಇಂಡಿಯಾ ಕಂಪನಿಯ ‘ಒಂದಾಣೆ’, ಮೇಲೆ ರಾಮದರಬಾರ್ ಅಥವಾ ಹನುಮಂತ: ಇದು ಪ್ರತಿ ಶುಕ್ರವಾರ ಹಾಸಿನ ಮೇಲೆ ಇರುತ್ತದೆ. ಒಂದಾಣೆ ಎಂಬ ನಾಣ್ಯ ಚಲಾವಣೆಗೆ ಬಂದದ್ದೇ 20ನೇ ಶತಮಾನದಲ್ಲಿ. ಅಕ್ಕಿ ಎಳೆಯುತ್ತದೆ, ಲಕ್ಷಾಂತರ ಬಾಳುತ್ತದೆ ಎಂದು ಊರಲ್ಲಿ ‘ರೈಸ್ ಪುಲ್ಲಿಂಗ್’ ಹೆಸರಿನ ಮೋಸಕ್ಕೆ ಬಳಸುವುದೂ ಇದೇ ತಗಡನ್ನೇ.

ಗೋಡೆ ಗಡಿಯಾರದಲ್ಲಿ ಪೆಟ್ಟಿಗೆ ಒಂದರದು, ಯಂತ್ರ ಇನ್ನೊಂದರದು ಎಂಬುದು ಮಾಮೂಲು. ಬಾಗಿಲು ತೆರೆದು ಹಿಂದಿನ ಹಲಗೆ ನೋಡಿ. ಖಾಲಿ ಮೊಳೆ ತೂತುಗಳಿದ್ದರೆ ಬೇರೆ ಯಂತ್ರ ಕೂತಿತ್ತೆಂದು ಅರ್ಥ. ನೂರು ವರ್ಷದ್ದೆಂದು ಹೇಳಿದ ಪೆಟ್ಟಿಗೆಗೆ ಪ್ಲಸ್ ತಲೆಯ ಸ್ಕ್ರೂ ಇದ್ದರೆ ನಂತರ ಯಾರೋ ಕೈ ಹಾಕಿದ್ದಾರೆ, ಆ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮ ಇರಬೇಕು. ಕುಂಟುತ್ತಿದ್ದರೆ ಪೆಟ್ಟಿಗೆಯನ್ನು ತುಸು ಓರೆ ಮಾಡಿ ಕೇಳಿ; ಸರಿಹೋದರೆ ಬರೀ ಮಟ್ಟದ ದೋಷ, ಇಲ್ಲದಿದ್ದರೆ ರಿಪೇರಿ ಖರ್ಚು. ಕ್ಯಾಮೆರಾ ಕೊಳ್ಳುವವರು ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಲಿ. ಮುಂಬಯಿಯ ಮಳೆಗಾಲ ಕಂಡ ಲೆನ್ಸಿನಲ್ಲಿ ಅದು ಇದ್ದೇ ಇರುತ್ತದೆ ಎನ್ನಬಹುದು.

ಇಡೀ ಬಜಾರಿನಲ್ಲಿ ಕಣ್ಣುಮುಚ್ಚಿ ಶಿಫಾರಸು ಮಾಡಬಹುದಾದದ್ದು ಅಡ್ಡ ಗಲ್ಲಿಗಳ ಹತ್ಯಾರದ ಅಂಗಡಿಗಳು. ಮುಚ್ಚಿದ ಕಾರ್ಖಾನೆಗಳಿಂದ ಬಂದ ಬೆಂಚ್ ವೈಸ್, ಸ್ಪ್ಯಾನರ್, ಸುತ್ತಿಗೆ, ಉಳಿ. ಇದನ್ನು ನಕಲಿ ಮಾಡುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ, ಹೇಳುವ ಕಥೆಯೂ ಇಲ್ಲ. ತೂಕ ಇದೆ, ಹಲ್ಲು ಇದೆ, ಅಷ್ಟೇ. ವೈಸಿನ ದವಡೆಯ ನಡುವೆ ಕಾಗದ ಇಟ್ಟು ಬಿಗಿ ಮಾಡಿ, ಎರಡು ತುದಿಯಲ್ಲೂ ಎಳೆದು ನೋಡಿ. ಒಂದು ತುದಿಯಲ್ಲಿ ಸರಾಗ ಬಂದರೆ ದವಡೆ ಓರೆ. ಹಿಡಿಕೆ ತಿರುಗಿಸಿದಾಗ ಅರ್ಧ ಸುತ್ತು ಖಾಲಿ ಹೋಗಿ ಆಮೇಲೆ ದವಡೆ ಅಲುಗಿದರೆ ಒಳಗಿನ ತಿರುಪು ಸವೆದಿದೆ. ಬೀಡುಕಬ್ಬಿಣದ ಮೈಯ ಮೇಲೆ ಹಿತ್ತಾಳೆ ಬಣ್ಣದ ಬೆಸುಗೆ ಗೆರೆ ಕಂಡರೆ ಒಮ್ಮೆ ಒಡೆದದ್ದು, ಬೇಡ. ವಿದ್ಯುತ್ ಡ್ರಿಲ್ಲನ್ನು ಅಂಗಡಿಯಲ್ಲೇ ಎರಡು ನಿಮಿಷ ಓಡಿಸಿ: ಗಾಳಿಕಂಡಿಯಲ್ಲಿ ಸಣ್ಣ ಕಿಡಿ ಸಹಜ, ಸುತ್ತಲೂ ಬೆಂಕಿಯ ಉಂಗುರ ಕಂಡರೆ ಅಥವಾ ವಾರ್ನಿಷ್ ಸುಟ್ಟ ವಾಸನೆ ಬಂದರೆ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಹೋಗಿದೆ, ಕಾರ್ಬನ್ ಬ್ರಷ್ ಬದಲಿಸಿ ಪ್ರಯೋಜನವಿಲ್ಲ. ಭಾರ ಎತ್ತುವ ಚೈನ್ ಬ್ಲಾಕ್, ಕೊಕ್ಕೆ, ಅಡುಗೆ ಗ್ಯಾಸಿನ ರೆಗ್ಯುಲೇಟರ್, ಕಾರಿನ ಏರ್‌ಬ್ಯಾಗ್ ಇವನ್ನು ಮಾತ್ರ ಹಳತು ಕೊಳ್ಳಲೇಬೇಡಿ. ಸೋತದ್ದು ಹೊರಗೆ ಕಾಣುವುದಿಲ್ಲ.

ಇನ್ನು ನಿಜವಾಗಿಯೂ ಕದ್ದ ಮಾಲಿನವನು. ಅವನಿಗೆ ಅಂಗಡಿ ಇಲ್ಲ, ಬೋರ್ಡಿಲ್ಲ. ಒಂದೇ ಮೊಬೈಲು, ಡಬ್ಬಿ ಇಲ್ಲ, ಚಾರ್ಜರ್ ಇಲ್ಲ, ‘ಅರ್ಜೆಂಟ್ ದುಡ್ಡು ಬೇಕು’ ಎಂಬ ಕಥೆ. ಬೆಲೆ ನೀವು ಕೇಳುವ ಮುಂಚೆಯೇ ಇಳಿಯುತ್ತದೆ. ಪರೀಕ್ಷೆ ಮಾಡಲೇಬೇಕೆಂದರೆ ಸ್ಟಾರ್-ಹ್ಯಾಶ್-06-ಹ್ಯಾಶ್ ಒತ್ತಿ ಐಎಂಇಐ, ಅಂದರೆ ಮೊಬೈಲಿನ 15 ಅಂಕಿಯ ಗುರುತುಸಂಖ್ಯೆ, ತೆಗೆಯಿರಿ. ಇಂಗ್ಲಿಷಿನ ಕೆ, ವೈ, ಎಂ ಅಕ್ಷರ ಬರೆದು, ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಪ್ಪುಪಟ್ಟಿಗೆ ಸೇರಿದೆಯೋ, ಯಾವ ಕಂಪನಿಯ ಯಾವ ಮಾದರಿಗೆ ಆ ಅಂಕಿ ಸೇರಿದ್ದು ಎಂಬ ಉತ್ತರ ಬರುತ್ತದೆ. ಉತ್ತರದ ಮಾದರಿಗೂ ಕೈಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಐಎಂಇಐ ತಿದ್ದಿದ್ದಾರೆ. ತಿದ್ದಿದವನಿಗೆ 2023ರ ದೂರಸಂಪರ್ಕ ಕಾಯ್ದೆಯಡಿ 3 ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ. ಕಳೆದುಕೊಂಡವರು ಇವತ್ತು ದೂರು ಕೊಟ್ಟಿಲ್ಲವೆಂದರೆ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ನಾಳೆ ಸೇರಬಹುದು. ಆದ್ದರಿಂದ ಬಿಲ್ಲಿಲ್ಲದ ಮೊಬೈಲಿಗೆ ಈ ಪರೀಕ್ಷೆ ಪಾಸಾದರೂ ಕೈ ಹಾಕದಿರುವುದೇ ಕ್ಷೇಮ.

‘ನನಗೆ ಗೊತ್ತಿರಲಿಲ್ಲ’ ಎಂಬುದು ಎಷ್ಟು ದೂರ ಕಾಯುತ್ತದೆ? ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಕದ್ದದ್ದೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡವನಿಗೆ 3 ವರ್ಷದ ತನಕ ಶಿಕ್ಷೆ. ಅದನ್ನೇ ಕಸುಬು ಮಾಡಿಕೊಂಡವನಿಗೆ ಜೀವಾವಧಿಯ ತನಕ ಹೋಗಬಹುದು. ‘ನಂಬಲು ಕಾರಣ’ ಎಂಬಲ್ಲೇ ಎಲ್ಲ ಸಿಕ್ಕಿಕೊಳ್ಳುವುದು: ಮಾರುಕಟ್ಟೆ ಬೆಲೆಯ ಕಾಲುಭಾಗಕ್ಕೆ, ನಸುಕಿನಲ್ಲಿ, ರಸ್ತೆಯ ಮೇಲೆ, ಚೀಟಿಯಿಲ್ಲದೆ ಕೊಂಡಿರೆಂದರೆ ಕಾರಣ ತಾನಾಗಿ ಸೇರಿಕೊಂಡಿತು. ಅದು ಬಿಟ್ಟರೂ, ಮಾರುವವನಿಗೇ ಇಲ್ಲದ ಒಡೆತನ 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ನಿಮಗೆ ಬರುವುದಿಲ್ಲ. ಮೂಲ ಮಾಲಿಕ ಬಂದರೆ ಮಾಲೂ ಹೋಯಿತು, ದುಡ್ಡೂ ಹೋಯಿತು.

ಹಾಗಾಗಿ ಚೀಟಿ ಕೇಳಿ. ಜಿಎಸ್‌ಟಿ ಸಂಖ್ಯೆ ಇಲ್ಲದ ಮಾತ್ರಕ್ಕೆ ಅಂಗಡಿಯವನು ಕಳ್ಳನಲ್ಲ; ವರ್ಷಕ್ಕೆ 40 ಲಕ್ಷದೊಳಗಿನ ಸರಕು ವಹಿವಾಟಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲ. ಅಂಥವನಿಂದ ಅಂಗಡಿಯ ಹೆಸರು, ಗಾಳಾ (ಮಳಿಗೆ) ನಂಬರು, ತಾರೀಕು, ಮಾಲಿನ ವಿವರ, ಸಹಿ ಇರುವ ಚೀಟಿ ಸಾಕು. ಸಂಖ್ಯೆ ಹಾಕಿದ ಬಿಲ್ಲಾದರೆ 15 ಅಕ್ಷರ ಎಣಿಸಿ. ಮಹಾರಾಷ್ಟ್ರದ್ದು 27ರಿಂದ ಶುರುವಾಗಬೇಕು. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಹೆಸರು ಬರುತ್ತದೆ, ಬೋರ್ಡಿನ ಹೆಸರಿಗೆ ತಾಳೆ ನೋಡಿ. ವಿವರದಲ್ಲಿ ‘ಓಲ್ಡ್ ಐಟಂ’ ಎಂದು ಬರೆಯಗೊಡಬೇಡಿ. ‘ಗೋಡೆ ಗಡಿಯಾರ, ಸೈಕೋಷಾ, ಯಂತ್ರ ಚಾಲೂ’ ಎಂದು ಬರೆಯಿಸಿ. ದುಡ್ಡು ಯುಪಿಐಯಲ್ಲೇ ಕೊಡಿ. ಸ್ಕ್ಯಾನ್ ಮಾಡಿದಾಗ ಅಂಗಡಿಗೆ ಸಂಬಂಧವೇ ಇಲ್ಲದ ಹೆಸರು ಬಂದರೆ ಯಾರದೆಂದು ಕೇಳಿ.

ಚೌಕಾಸಿಗೆ ‘ಅರ್ಧಕ್ಕೆ ಕೇಳು’ ಎಂಬ ಸೂತ್ರ ಹಳಸಿದೆ. ಅದು ಅವರಿಗೂ ಗೊತ್ತು, ಎರಡರಷ್ಟು ಹೇಳಿಯೇ ಶುರುಮಾಡುತ್ತಾರೆ. ದೋಷವನ್ನು ಕೈಯಿಂದ ತೋರಿಸಿ, ರಿಪೇರಿಗೆ ಇಷ್ಟು ಎಂದು ಲೆಕ್ಕ ಒಪ್ಪಿಸಿ ಇಳಿಸುವುದು ಹೆಚ್ಚು ನಡೆಯುತ್ತದೆ. ಬೆಳಿಗ್ಗೆ ಬೋಣಿಯ ಹೊತ್ತಿಗೆ ಸಣ್ಣ ಮಾಲು ಸಲೀಸಾಗಿ ಇಳಿಯುತ್ತದೆ; ಪೀಠೋಪಕರಣಕ್ಕೆ ಹೊತ್ತಿನ ಲೆಕ್ಕವಿಲ್ಲ. ಸಿನಿಮಾ, ಸೀರಿಯಲ್ ಸೆಟ್ಟಿಗೆ ಬಾಡಿಗೆಗೆ ಕೊಡುವ ಅಂಗಡಿಗಳೂ ಇವೆ. ಅಲ್ಲಿ ಬಾಡಿಗೆಯಲ್ಲೇ ಗಿಟ್ಟುವುದರಿಂದ ಮಾರಲು ಆತುರವಿಲ್ಲ, ಹೋದಷ್ಟೂ ದಣಿವು. ಆದರೆ ಮದುವೆ ಮಂಟಪಕ್ಕೋ ಕನ್ನಡ ಸಂಘದ ನಾಟಕಕ್ಕೋ ಎರಡು ದಿನಕ್ಕೆ ಸಾಮಾನು ಬೇಕಿದ್ದರೆ ಅಲ್ಲೇ ಕೇಳುವುದು ಜಾಣತನ. ಡೆಪಾಸಿಟ್ ಕೊಡುವ ಮೊದಲು ಇರುವ ಗೀರು, ಬಿರುಕುಗಳ ಫೋಟೊ ಅಂಗಡಿಯವನ ಎದುರೇ ತೆಗೆಯಿರಿ.

ದೊಡ್ಡ ಮಾಲು ಕೊಂಡರೆ ಹಮಾಲಿ ಕೂಲಿ, ಟೆಂಪೊ ಬಾಡಿಗೆ ಎರಡನ್ನೂ ಬೆಲೆ ಮುಗಿಯುವ ಮೊದಲೇ ಮಾತಾಡಿ; ಗಲ್ಲಿಯ ಒಳಗೆ ಟೆಂಪೊ ಬರುವುದಿಲ್ಲ, ಮುಖ್ಯರಸ್ತೆಯ ತನಕ ಕೈಗಾಡಿಯಲ್ಲೇ ಸಾಗಬೇಕು. ನಿಮ್ಮ ಬಿಲ್ಡಿಂಗಿನ ಲಿಫ್ಟ್ ಬಾಗಿಲಿನ ಅಗಲ ಬರೆದುಕೊಂಡು ಹೋಗಿ. ಮಂಗಳೂರು, ಉಡುಪಿ, ಹುಬ್ಬಳ್ಳಿ ಕಡೆ ಲಾರಿಗೆ ಹಾಕುವುದಾದರೆ 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಬೇಕು, ಅದಕ್ಕೆ ಪಕ್ಕಾ ಬಿಲ್ಲೇ ಆಗಬೇಕು. ಗ್ರಾಮೊಫೋನಾದರೆ ಸೌಂಡ್‌ಬಾಕ್ಸ್ ತೆಗೆದು ಕೈಚೀಲದಲ್ಲಿಟ್ಟುಕೊಳ್ಳಿ, ಸ್ಪ್ರಿಂಗಿನ ಕೀಲಿ ಪೂರ್ತಿ ಇಳಿಯಗೊಡಿ. ಗಡಿಯಾರದ ಲೋಲಕ ಬಿಚ್ಚಿ ಬೇರೆ ಸುತ್ತಬೇಕು. ಬಿಚ್ಚದೆ ಕಳಿಸಿದರೆ ಅದನ್ನು ಹಿಡಿದಿರುವ ತೆಳ್ಳಗಿನ ಸ್ಪ್ರಿಂಗ್ ದಾರಿಯಲ್ಲೇ ತುಂಡಾಗುತ್ತದೆ, ಊರಿನಲ್ಲಿ ಆ ಅಳತೆಯದು ಸಿಗುವುದು ಕಷ್ಟ.